ನೀರಿನಡಿಯ ಹೊಗೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ದೋಣಿಯಲ್ಲಿದ್ದವರೆಲ್ಲ ಕಿವಿಯಾರೆ ಕೇಳಿದ್ದಾರೆ.

ಆ ದ್ವೀಪದ ರೆಸಾರ್ಟಿನಲ್ಲಿ ಅತಿಥಿಗಳನ್ನು ಸಮುದ್ರದೊಳಗೆ ಇಳಿಸುವ ಕೆಲಸ ನನ್ನದು. ಅವರ ಬೆನ್ನಿಗೆ ಕಟ್ಟುವ ಸಿಲಿಂಡರುಗಳಿಗೆ ಗಾಳಿ ತುಂಬುತ್ತಿದ್ದವನು ನನ್ನ ಅಕ್ಕನ ಗಂಡ. ಕಂಪ್ರೆಸರು ಗಾಳಿ ಎಳೆದುಕೊಳ್ಳುವ ಪೈಪಿನ ಪಕ್ಕದಲ್ಲೇ ಕೂತು ಭಾವ ಲವಂಗದ ಸಿಗರೇಟು ಸೇದುತ್ತಿದ್ದ. ಆ ಘಾಟು ಸಿಲಿಂಡರಿಗೂ ಇಳಿಯುತ್ತಿತ್ತು. ನಾನು ಬೈದರೆ, "ನೀರೊಳಗೂ ಬಿಟ್ಟಿ ದಮ್ಮು ಸಿಗುತ್ತೆ, ಅನುಭವಿಸೋ ಭಾಮೈದ" ಎಂದು ನಗುತ್ತಿದ್ದ.

ತುಕ್ಕು ಹಿಡಿದ ಸಿಲಿಂಡರೊಂದು ಸಿಡಿದು ಭಾವ ಸತ್ತ. ಆ ಸಾವಿಗೆ ಹೊಣೆ ಯಾರೆಂದು ಕೇಳಲು ಹೋದ ಅಕ್ಕನಿಗೆ ಮಾಲೀಕ, "ಅಂಥವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಕಣಮ್ಮ" ಎಂದ, ಉಂಡು ಬಾಯಿ ಒರೆಸಿಕೊಂಡಷ್ಟು ಸಲೀಸಾಗಿ.

ಆಮೇಲೆ ಅತಿಥಿಗಳು ನೀರಿನಿಂದೆದ್ದು, "ಲವಂಗದ ಹೊಗೆ" ಎಂದು ಕೆಮ್ಮತೊಡಗಿದರು. "ಎಲ್ಲಾ ಭ್ರಮೆ" ಎಂದ ಮಾಲೀಕ ಅವರೆದುರೇ ಸಿಲಿಂಡರು ಕಟ್ಟಿಕೊಂಡು ದೋಣಿಯಿಂದ ಧುಮುಕಿದ. ನಾನೂ ಇಳಿದೆ. ಹವಳದ ಬಂಡೆಯ ಬಳಿ ಅವನು ತಟಕ್ಕನೆ ನಿಂತ. ಅವನು ಬಿಟ್ಟ ಗುಳ್ಳೆಗಳು ಬೂದು ಬಣ್ಣಕ್ಕಿದ್ದವು.

ಮೇಲೆ ಬಂದವನೇ ನನ್ನತ್ತ ಕಿರುಚಿದ: "ಲೋ, ನಿಮ್ಮ ಭಾವನಿಗೆ ಎಷ್ಟು ಸಲ ಹೇಳಿದೀನಿ, ಗಾಳಿ ತುಂಬೋವಾಗ ಪೈಪಿನ ಹತ್ರ ಸೇದಬೇಡ ಅಂತ!"

ದೋಣಿಯವರೆಲ್ಲ ಕೋರ್ಟಿನಲ್ಲಿ ಅಕ್ಕನ ಪರ ಸಾಕ್ಷಿ ನುಡಿದರು. ಗೆದ್ದೆವು.

ಆದರೆ ಭಾವ ಸತ್ತ ದಿನವೇ ಕಂಪ್ರೆಸರೂ ಚೂರಾಗಿತ್ತು. ಅಂದಿನಿಂದ ಆ ದ್ವೀಪದಲ್ಲಿ ಯಾರೂ ಸಿಲಿಂಡರು ತುಂಬಿಲ್ಲ. ಮಾಲೀಕ ಕಟ್ಟಿಕೊಂಡದ್ದು ದೂರದ ಕಾರ್ಖಾನೆಯಲ್ಲಿ ತುಂಬಿ ಬಂದ ಹೊಚ್ಚಹೊಸದು. ಅದರ ಸೀಲು ಒಡೆದವನು ನಾನೇ.