ಹಸಿವಿನ ಬಾಗಿಲು

ಬಹಳ ಕಾಲದ ಹಿಂದೆ, ಏಳು ಕಣಿವೆಗಳ ಆಚೆ, ತುಂಬೆಕೋಟೆ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಔಷಧಶಾಲೆಯಲ್ಲಿ ಬಾಚಲೆ ಎಂಬಾಕೆ ಬೇರು ಅರೆಯುತ್ತಿದ್ದಳು. ಅವಳ ಗಂಡ ಕೇತಯ್ಯ ಅರಮನೆಯ ಅಡುಗೆಯವನು. ಬಾಚಲೆಗೆ ಹುಟ್ಟಿನಿಂದ ಒಂದು ವಿಚಿತ್ರ ದೃಷ್ಟಿಯಿತ್ತು. ಅವಳು ದಿಟ್ಟಿಸಿ ನೋಡಿದರೆ ಎದುರಿಗಿದ್ದವರ ಮೈಯ ಕಣಕಣವೂ ಕಾಣುತ್ತಿತ್ತು. ಒಂದೊಂದು ಕಣದ ಮೇಲೂ ಸಾವಿರ ಪುಟ್ಟ ಬಾಗಿಲುಗಳು. ಒಂದೊಂದು ಬಾಗಿಲಿಗೂ ಅದರದೇ ರಸ. ಆ ರಸ ಬಂದು ತಟ್ಟಿದರೆ ಮಾತ್ರ ಅದು ತೆರೆಯುತ್ತಿತ್ತು.

ರಾಜ್ಯದ ಬೋಳುಬೆಟ್ಟದಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ಬಾಚಲೆ ಬೇರು ತರಲು ಕಾಡಿಗೆ ಹೋದ ದಿನ ಅವನು ಊರ ಮೇಲೆ ಬೂದು ಹೊಗೆ ಬಿಟ್ಟ. ಹೊಗೆ ಕುಡಿದವರ ಹಸಿವು ಸತ್ತುಹೋಯಿತು. ಒಬ್ಬೊಬ್ಬರ ಹಸಿವು ಸತ್ತಂತೆ ಮಾಂತ್ರಿಕನ ಆಯುಸ್ಸು ಬೆಳೆಯಿತು. ಜನ ತಟ್ಟೆಯ ಮುಂದೆ ಕೂರುತ್ತಿದ್ದರು, ತುತ್ತು ಗಂಟಲಿಗಿಳಿಯದೆ ಏಳುತ್ತಿದ್ದರು. ಒಂದು ತಿಂಗಳಿಗೆ ಊರೆಲ್ಲ ಎಲುಬಾಯಿತು.

"ಸಾರಿನ ರುಚಿ ನೋಡಲೂ ಮನಸ್ಸಾಗುತ್ತಿಲ್ಲ ಕಣೇ. ನಾನೆಂಥ ಅಡುಗೆಯವನು?" ಎಂದ ಕೇತಯ್ಯ.

ಬಾಚಲೆ ಅವನ ಮೈಯನ್ನು ದಿಟ್ಟಿಸಿದಳು. ಒಂದು ಬಗೆಯ ಬಾಗಿಲು ಎಲ್ಲೆಡೆ ಮುಚ್ಚಿತ್ತು. ಅದಕ್ಕೆ ಯಾವ ರಸವೆಂದು ಅವಳಿಗೆ ತಿಳಿಯಲಿಲ್ಲ, ರಾಜವೈದ್ಯರಿಗೂ ತಿಳಿದಿರಲಿಲ್ಲ.

"ಎಲ್ಲಿದ್ದರೂ ಹುಡುಕಿ ತರುತ್ತೇನೆ. ನೀವು ಗಟ್ಟಿಯಾಗಿರಿ," ಎಂದು ಹೊರಟಳು.

ಮೊದಲು ಏಳು ಹೆಡೆಯ ಸರ್ಪದ ಬಳಿಗೆ ಹೋದಳು. ಸರ್ಪ ಅವಳ ಜಡೆ ಕೇಳಿತು. ಕೊಯ್ದು ಕೊಟ್ಟು ಬೇರು ತಂದಳು. ಬೇರಿನ ರಸಕ್ಕೆ ಬಾಗಿಲು ಅಲುಗಲಿಲ್ಲ.

ಆಮೇಲೆ ಬೆಂಕಿರೆಕ್ಕೆಯ ಗಿಡುಗದ ಬಳಿಗೆ ಹೋದಳು. ಗಿಡುಗ ಅವಳ ಕಿರುಬೆರಳು ಕೇಳಿತು. ಕೊಟ್ಟು ಮೊಟ್ಟೆ ತಂದು, ಸ್ವಲ್ಪವನ್ನು ಬಟ್ಟಲಿಗೆ ಬಗ್ಗಿಸಿ ಗಂಡನಿಗೆ ಕೊಟ್ಟಳು. ಪಕ್ಕದ ಮನೆಯ ಗುಜ್ಜವ್ವ ಕೇತಯ್ಯನ ಕೈಯಿಂದ ಬಟ್ಟಲು ಕಿತ್ತುಕೊಂಡಳು. "ಮೊದಲು ನನಗೆ ಕೊಡು ತಾಯಿ. ಹೆಚ್ಚುಕಮ್ಮಿಯಾದರೆ ಮುದುಕಿಗಾಗಲಿ," ಎಂದು ಕುಡಿದಳು. ಬಾಗಿಲು ತೆರೆಯಿತು, ಆದರೆ ಮತ್ತೆ ಮುಚ್ಚಲಿಲ್ಲ. ಗುಜ್ಜವ್ವ ಅನ್ನ ತಿಂದಳು, ಹಿಟ್ಟು ತಿಂದಳು, ಗೋಡೆಯ ಮಣ್ಣು ತಿಂದಳು. ಸಂಜೆಯೊಳಗೆ ಸತ್ತಳು. ಬಾಚಲೆ ಉಳಿದ ಮೊಟ್ಟೆಯನ್ನು ನೆಲಕ್ಕೆ ಚೆಲ್ಲಿದಳು.

ಕೇತಯ್ಯ ಆಗ ಹಾಸಿಗೆ ಹಿಡಿದಿದ್ದ. "ಇನ್ನು ಎಲ್ಲೂ ಹೋಗಬೇಡ. ಇಲ್ಲೇ ಕೂತಿರು," ಎಂದ.

"ಇದೊಂದು ಸಲ," ಎಂದು ಬಾಚಲೆ ಬೋಳುಬೆಟ್ಟ ಹತ್ತಿದಳು.

ಧೂಮಕೇಶ ಇಪ್ಪತ್ತರ ಹರೆಯದವನಂತೆ ಹೊಳೆಯುತ್ತಿದ್ದ. "ಬಾಗಿಲಿನ ರಸ ಬೇಕೆ? ಹುಡುಕಿಕೋ," ಎಂದು ಅವಳನ್ನು ಆಳದ ಗುಂಡಿಗೆ ತಳ್ಳಿದ.

ಒಂದು ಹಗಲು ಕಳೆಯಿತು, ಎರಡು ಹಗಲು ಕಳೆಯಿತು. ಮೂರನೆಯ ಹಗಲು ಅವಳ ಹೊಟ್ಟೆ ಹಿಂಡಿತು. ಹೊಗೆ ಕುಡಿಯದ ಮೈ ಅವಳೊಬ್ಬಳದೇ. ನೋಡಲು ಬೇರೆ ಯಾರೂ ಇರಲಿಲ್ಲವಾಗಿ ಅವಳು ಮೊದಲ ಸಲ ತನ್ನನ್ನೇ ದಿಟ್ಟಿಸಿದಳು. ಬರಿಹೊಟ್ಟೆಯ ಗೋಡೆಯಿಂದ ತೆಳ್ಳನೆಯ ರಸವೊಂದು ಒಸರಿ, ನೆತ್ತರಲ್ಲಿ ಹರಿದು, ಆ ಬಾಗಿಲನ್ನು ತಟ್ಟಿತು. ಬಾಗಿಲು ತೆರೆಯಿತು. ಗುಂಡಿಯ ಗೋಡೆಯಲ್ಲಿ ಇಳಿಬಿದ್ದ ಗೆಡ್ಡೆ ಕಿತ್ತು ತಿಂದಳು. ಬಾಗಿಲು ಮೆಲ್ಲಗೆ ಮುಚ್ಚಿತು.

ಬಾಚಲೆ ನಗಲಿಲ್ಲ. ಸರ್ಪದ ಬಳಿಗೆ ಹೊರಡುವ ಮೊದಲೇ, ಗಂಡನ ಪಕ್ಕದಲ್ಲಿ ಕೂತಾಗಲೇ, ಇದು ತನ್ನೊಳಗಿತ್ತೆಂದು ಅವಳಿಗೆ ಹೊಳೆಯಿತು. ಗೆಡ್ಡೆ ಕಿತ್ತಾಗ ಮಣ್ಣಿನಿಂದ ಹೊರಬಿದ್ದ ಬೇರುಗಳನ್ನು ಹಿಡಿದು ಮೇಲೆ ಹತ್ತಿ, ಮಾಂತ್ರಿಕನ ಕಣ್ಣು ತಪ್ಪಿಸಿ, ದಾರಿಯಲ್ಲಿ ಏನನ್ನೂ ತಿನ್ನದೆ ಹಸಿದೇ ಊರಿಗೆ ಓಡಿದಳು.

ಮನೆಯ ಮುಂದೆ ಜನ ಕೂಡಿದ್ದರು. ಕೇತಯ್ಯ ಆ ಬೆಳಗ್ಗೆ ತೀರಿಕೊಂಡಿದ್ದ.

"ನಿನ್ನನ್ನೇ ಕೇಳುತ್ತಿದ್ದನಮ್ಮ," ಎಂದಳು ಯಾರೋ ಒಬ್ಬಳು.

ಬಾಚಲೆ ಹೊಸಿಲಲ್ಲಿ ನಿಂತು ಗಂಡನ ಮುಖ ನೋಡಿದಳು. ಆಮೇಲೆ ಸುತ್ತ ನಿಂತವರ ಎಲುಬು ಮೂಡಿದ ಮುಖಗಳನ್ನು ನೋಡಿದಳು. ಒಳಗೆ ಹೋಗಲಿಲ್ಲ. ಊರಬಾವಿಗೆ ನಡೆದು ತೋಳು ಕೊಯ್ದುಕೊಂಡು ಹಸಿದ ನೆತ್ತರನ್ನು ನೀರಿಗೆ ಬಿಟ್ಟಳು. "ಕುಡಿಯಿರಿ," ಎಂದಳು.

ಎಲ್ಲರೂ ಕುಡಿದರು. ಮೊದಲು ಒಂದು ಕೂಸು ಅತ್ತಿತು. ಆಮೇಲೆ ಅರಸ ಅನ್ನ ಕೇಳಿದ. ಮನೆಮನೆಯಲ್ಲೂ ಒಲೆ ಹೊತ್ತಿತು. ಬೋಳುಬೆಟ್ಟದಲ್ಲಿ ಧೂಮಕೇಶನ ಕೂದಲು ನರೆತು, ಹಲ್ಲು ಉದುರಿ, ಮೈ ಬೂದಿಯಾಗಿ ಗಾಳಿಗೆ ಹಾರಿತು. ರಾಜವೈದ್ಯರು ರಸವನ್ನು ತಾವೇ ಕಂಡುಹಿಡಿದೆವೆಂದು ಓಲೆಯಲ್ಲಿ ಬರೆಸಿದರು. ಬಾಚಲೆ ಅದನ್ನು ಕೇಳಲೂ ಹೋಗಲಿಲ್ಲ.

ಕೇತಯ್ಯನನ್ನು ಮಣ್ಣು ಮಾಡಿ ಬಂದ ಮೇಲೆ ನೆರೆಯವರು ಅವಳ ಮುಂದೆ ಬಿಸಿ ಅನ್ನ, ಸಾರು ಇಟ್ಟರು. ಬೇಡವೆನ್ನಬೇಕೆಂದು ಬಾಚಲೆ ಬಾಯಿ ತೆರೆದಳು. ಅವಳ ಹೊಟ್ಟೆಯೊಳಗೆ ರಸ ಒಸರಿತು, ಹರಿಯಿತು, ಬಾಗಿಲು ತಟ್ಟಿತು. ಅಳುತ್ತಲೇ ಕೈ ಚಾಚಿ ಅನ್ನ ಕಲಸಿಕೊಂಡಳು.

ತುಂಬೆಕೋಟೆಯ ಜನ ಅಂದಿನಿಂದ ಹೊತ್ತುಹೊತ್ತಿಗೆ ಹಸಿದು, ಉಂಡು, ಸುಖವಾಗಿ ಬಾಳಿದರು. ಬಾಚಲೆಯೂ ದಿನಾ ಉಂಡಳು.