ಹತ್ತೊಂಬತ್ತನೆಯ ಯಾತ್ರಿಕ

೨೦೨೫ರ ಮಾರ್ಚ್ ೧೭, ಸೋಮವಾರ. ಬೆಳಿಗ್ಗೆ ೭.೧೫. ಚೆನ್ನೈನ ಕೀಲ್ಪಾಕ್ ಕಡೆಯ ಆ ಪೊಲೀಸ್ ಠಾಣೆಯಲ್ಲಿ ಇನ್ನೂ ಕಸ ಗುಡಿಸಿ ಮುಗಿದಿರಲಿಲ್ಲ. ಮೂವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಪೊರಕೆಯನ್ನು ದಾಟಿಕೊಂಡೇ ಒಳಗೆ ಬಂದಳು. ತಮಿಳಿನಲ್ಲಿ ಎರಡು ಮಾತು ಹೇಳಿದಳು. ಮೂರನೆಯದು ಕನ್ನಡದಲ್ಲಿ ಬಂತು. ಇನ್‌ಸ್ಪೆಕ್ಟರ್ ಶ್ರೀವಿದ್ಯಾ ತಲೆಯೆತ್ತಿ ನೋಡಿದಳು. ಮದರಾಸಿನಲ್ಲಿ ನಾಲ್ಕು ತಲೆಮಾರು ಕಳೆದ ವೈಷ್ಣವ ಮನೆತನದವಳು ಅವಳು. ಕನ್ನಡ ಅವಳ ಮನೆಯ ಭಾಷೆಯೇ ಹೊರತು ಠಾಣೆಯ ಭಾಷೆಯಲ್ಲ.

"ಕನ್ನಡದಲ್ಲೇ ಹೇಳಿ. ಕೂತ್ಕೊಳ್ಳಿ ಮೊದಲು."

"ನಮ್ಮ ಮಾವಾರು ನಿನ್ನಿ ರಾತ್ರಿಯಿಂದ ಮನಿಗೆ ಬಂದಿಲ್ರಿ."

ಹೆಂಗಸಿನ ಹೆಸರು ಸಂಗೀತಾ. ಗದಗಿನ ಕಡೆಯವರು, ಗಂಡ ರುದ್ರಮುನಿ ಪಾತ್ರೆ ವ್ಯಾಪಾರದ ಮೇಲೆ ಕೊಯಮತ್ತೂರಿಗೆ ಹೋಗಿದ್ದ. ಮಾವ ಗುರುಬಸಪ್ಪ, ಎಪ್ಪತ್ತೊಂದು ವರ್ಷ, ಸಕ್ಕರೆ ಕಾಯಿಲೆ, ಊರುಗೋಲು. ಭಾನುವಾರ ಬೆಳಿಗ್ಗೆ ಐದೂವರೆಗೆ ಒಂದು ದಿನದ ಯಾತ್ರೆಗೆ ಹೊರಟಿದ್ದರು. ಕಾಂಚಿ, ಉತ್ತಿರಮೇರೂರು, ಕೊನೆಗೆ ಪಾರೈಯೂರು ಬೆಟ್ಟದ ಹಳೆಯ ಗುಹಾಲಯ. ರಾತ್ರಿ ಎಂಟಕ್ಕೆ ವಾಪಸ್ ಬರಬೇಕಿತ್ತು.

"ಫೋನ್ ಮಾಡಿದ್ರಾ?"

"ಏಳು ಸಲ ಮಾಡೀನ್ರಿ. ರಿಂಗ್ ಆತು, ಎತ್ತಲಿಲ್ಲ. ಆಮ್ಯಾಲೆ ಸ್ವಿಚ್ ಆಫ್. ಗೈಡ್ ಸರ್‌ಗೆ ಮಾಡಿದೆ. ಕೀಲ್ಪಾಕಿನಾಗ ಇಳಿದ್ರಲ್ಲಮ್ಮಾ ಅಂದ್ರು."

"ಗೈಡ್ ಯಾರು?"

"ಕಮಲಾಕರ ಸರ್ ಅಂತ್ರಿ."

ಆ ಹೆಸರು ಕೇಳಿದ್ದೇ ಶ್ರೀವಿದ್ಯಾಳ ಮನಸ್ಸು ಅರ್ಧ ಹಗುರಾಯಿತು. ಚೆನ್ನೈನ ಕನ್ನಡದವರಲ್ಲಿ ಕಮಲಾಕರನನ್ನು ಅರಿಯದವರು ಯಾರು? ಅಂಬತ್ತೂರಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದವನು, ಇಪ್ಪತ್ತೆರಡು ವರ್ಷಗಳಿಂದ ಜನರನ್ನು ಗುಡಿ ಗೋಪುರ ಸುತ್ತಿಸುತ್ತಿದ್ದಾನೆ. ಅವಳ ತಾಯಿ ಜಯಲಕ್ಷ್ಮೀಯೇ ಅವನ ಜೊತೆ ನಾಲ್ಕು ಸಲ ಹೋಗಿ ಬಂದಿದ್ದರು. ಕಾಂಚಿಯ ಕೈಲಾಸನಾಥ ಗುಡಿಯಲ್ಲಿ ಕಂಬದ ಮೇಲಿನ ಕನ್ನಡ ಶಾಸನ ತೋರಿಸಿ, ಗೆದ್ದ ಊರಿನ ದೇವರ ಒಡವೆಯನ್ನು ಆ ದೇವರಿಗೇ ಬಿಟ್ಟುಕೊಟ್ಟ ಚಾಲುಕ್ಯ ರಾಜನ ಕತೆಯನ್ನು ಅವನು ಹೇಳುತ್ತಿದ್ದರೆ, ಕೇಳಿದವರ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಅಂಥವನು ಇಳಿದರು ಎಂದರೆ ಇಳಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಪೊಲೀಸಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೆ ನಮ್ಮವರು ಎಂಬಲ್ಲಿಗೆ ಎಲ್ಲ ಗಾದೆಯೂ ಮರೆತುಹೋಗುತ್ತದೆ.

೭.೫೦ಕ್ಕೆ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಹತ್ತು ಗಂಟೆಗೆ ಕಮಲಾಕರ ತಾನಾಗಿಯೇ ಬಂದ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಣೆಯಲ್ಲಿ ಅಂಗಾರ ಅಕ್ಷತೆ, ಕೈಯಲ್ಲಿ ಯಾತ್ರಿಕರ ಪಟ್ಟಿ. ಹತ್ತೊಂಬತ್ತು ಹೆಸರು.

"ಎಷ್ಟು ಹೊತ್ತಿಗೆ ಇಳಿದ್ರು?"

"ಎಂಟೂ ಇಪ್ಪತ್ತು ಇರಬೇಕಮ್ಮಾ. ಇಳಿದು ಕೈ ಬೀಸಿದ್ರು. ಗಲ್ಲಿ ಕಡೆ ತಿರುಗಿ ನಡೆದ್ರು."

"ಆರೋಗ್ಯ ಸರಿಯಾಗಿತ್ತಾ?"

"ಅಯ್ಯೋ, ನಲ್ಲಾ ಇದ್ರು. ಸಾಯಂಕಾಲ ಆರಕ್ಕೆ ಚೆಂಗಲ್ಪಟ್ಟು ಹತ್ರ ಟೀ ಅಂಗಡೀಲಿ ಎರಡು ಬೋಂಡಾ ತಿಂದ್ರು. ಕಾಫಿ ಎರಡನೇ ಸಲ ಕೇಳಿ ಹಾಕಿಸಿಕೊಂಡ್ರು." ಅವನು ಪಟ್ಟಿಯನ್ನು ಅವಳ ಮೇಜಿನ ಮೇಲಿಟ್ಟು, "ಅಮ್ಮ ಚೆನ್ನಾಗಿದಾರಾ?" ಎಂದು ಕೇಳಿದ.

ಶ್ರೀವಿದ್ಯಾ ಚೆನ್ನಾಗಿದ್ದಾರೆ ಎಂದಳು. ಹೇಳಿಕೆಯನ್ನು ತನ್ನ ಕೈಯಾರೆ ಬರೆದುಕೊಂಡಳು, ಬೋಂಡಾ ಸಮೇತ.

ಹನ್ನೊಂದಕ್ಕೆ ಹೆಡ್ ಕಾನ್‌ಸ್ಟೆಬಲ್ ತಿರುಮಲ ಫೋನಿನ ಟವರ್ ವಿವರ ತಂದ. "ಮೇಡಂ, ಕಡೈಸಿ ಟವರ್, ಕೊನೇದು, ಕೀಲ್ಪಾಕ್‌ದಾನ್. ಎಂಟೂ ಇಪ್ಪತ್ತೆರಡಕ್ಕೆ ಆಫ್."

ಗೈಡಿನ ಮಾತಿಗೂ ಟವರಿಗೂ ತಾಳೆಯಾಯಿತು. ಇನ್ನೇನು ಬೇಕು? ಆ ಇಡೀ ದಿನ ಠಾಣೆಯ ಆರು ಜನ ಕೀಲ್ಪಾಕನ್ನು ಜರಡಿ ಹಿಡಿದರು. ಹನ್ನೆರಡು ಅಂಗಡಿಗಳ ಕ್ಯಾಮೆರಾ ನೋಡಿದರು. ಒಂದರಲ್ಲಿ ಬಸ್ಸು ನಿಂತದ್ದು ಕಂಡಿತು. ಬಾಗಿಲಿಗೆ ಅಡ್ಡವಾಗಿ ಬೇವಿನ ಮರ. ಆಸ್ಪತ್ರೆಗಳ ತುರ್ತು ವಿಭಾಗದ ವಹಿ ನೋಡಿದರು. ಎಗ್ಮೋರ್ ಸ್ಟೇಷನ್ನಿನ ಬೆಂಚುಗಳ ಮೇಲೆ ಮಲಗಿದ್ದ ಮುದುಕರನ್ನೆಲ್ಲ ಎಬ್ಬಿಸಿ ಮುಖ ನೋಡಿದರು. ಸಂಗೀತಾ ಸಂಜೆಯವರೆಗೂ ಠಾಣೆಯ ಬೆಂಚು ಬಿಟ್ಟು ಏಳಲಿಲ್ಲ. ಯಾರಾದರೂ ಒಳಗೆ ಬಂದಾಗಲೆಲ್ಲ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ೮.೧೦ಕ್ಕೆ ಅವಳು ಮತ್ತೆ ಬಂದಳು. ತಿರುಮಲ ಕಾಫಿ ತರಿಸಿದ್ದ. ಅವನಿಗೆ ಯಾವ ಕಷ್ಟಕ್ಕೂ ಕಾಫಿಯೇ ಮದ್ದು. ಲಾಕಪ್ಪಿನಲ್ಲಿದ್ದವರಿಗೂ ಮೊದಲು ಲೋಟ ಕೊಟ್ಟೇ ಮಾತು ತೆಗೆಯುವವನು. ಸಂಗೀತಾ ಬೇಡವೆಂದಳು.

"ಏನಾದ್ರೂ ತಗೋಳಿ," ಎಂದಳು ಶ್ರೀವಿದ್ಯಾ. "ನಿಮ್ಮ ಮಾವನವರು ಹಸಿದುಕೊಂಡೇನೂ ಇರಲಿಲ್ಲ. ಭಾನುವಾರ ಸಂಜೆ ಆರಕ್ಕೆ ಎರಡು ಬೋಂಡಾ ತಿಂದು, ಎರಡು ಸಲ ಕಾಫಿ ಕುಡಿದಿದಾರೆ."

ಸಂಗೀತಾ ಅವಳ ಮುಖವನ್ನೇ ನೋಡಿದಳು.

"ಯಾರು ಹೇಳಿದ್ರಿ ನಿಮಗ?"

"ಕಮಲಾಕರ ಅವರು."

"ಸುಳ್ಳರೀ ಅದು. ಸಂಜಿ ಲಿಂಗಪೂಜಿ ಆಗೂತನಕ ಮಾವಾರು ಬಾಯಾಗ ಹನಿ ನೀರು ಹಾಕೂದಿಲ್ಲ. ಹೊತ್ತು ಮುಳುಗೂ ಹೊತ್ತಿಗೆ ಪೂಜಿ. ಆಪರೇಶನ್ ಆದಾಗ ಆಸ್ಪತ್ರಿ ಮಂಚದ ಮ್ಯಾಲೆ ಕುಂತು ಮಾಡ್ಯಾರ. ಆರಕ್ಕ ಬೋಂಡಾ ಹೆಂಗ್ ತಿಂದಾರು?"

"ಯಾತ್ರೆ ಅಲ್ವಾ? ಒಂದು ದಿನ..."

"ಐವತ್ತು ವರ್ಷದಾಗ ಒಂದು ದಿನ ಬಿಟ್ಟಿಲ್ರಿ. ಬಸ್ಸಿನ್ಯಾಗ ಮಾಡೂದು ಬ್ಯಾಡ ಅಂತ ತಾಮ್ರದ ತಂಬಗಿ, ವಿಭೂತಿ ಎಲ್ಲಾ ಕೈಚೀಲದಾಗ ಇಟ್ಟು ನಾನಽ ಕಳಿಸೀನಿ."

ಶ್ರೀವಿದ್ಯಾ ಯಾತ್ರಿಕರ ಪಟ್ಟಿಯನ್ನು ಮುಂದಕ್ಕೆಳೆದುಕೊಂಡಳು. ತನ್ನ ತಾಯಿ ಏಕಾದಶಿಯ ದಿನ ಅನ್ನ ಮುಟ್ಟುವುದಿಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ ಅವಳಿಗೆ. ಕೊರಳಲ್ಲಿ ಲಿಂಗ ಕಟ್ಟಿದವರ ನೇಮ ಮಾತ್ರ ಅವಳಿಗೂ ತಿಳಿದಿರಲಿಲ್ಲ, ಕಮಲಾಕರನಿಗೂ ತಿಳಿದಿರಲಿಲ್ಲ. ತಿಳಿದಿದ್ದರೆ ಅವನು ಬೇರೆ ಸುಳ್ಳು ಹೇಳುತ್ತಿದ್ದ. ಪಟ್ಟಿಯಲ್ಲಿ ಉಳಿದ ಹದಿನೆಂಟು ಹೆಸರುಗಳಿದ್ದವು, ಫೋನ್ ನಂಬರ್ ಸಮೇತ. ನಿನ್ನೆ ಬೆಳಗಿನಿಂದ ಅವಳ ಮೇಜಿನ ಮೇಲೇ ಇದ್ದವು. ಒಬ್ಬರಿಗೂ ಅವಳು ಫೋನ್ ಮಾಡಿರಲಿಲ್ಲ.

೮.೨೫ಕ್ಕೆ ಮೊದಲ ಕರೆ. ರಂಜನಿ, ನುಂಗಂಬಾಕ್ಕಂ, ಗುರುಬಸಪ್ಪನವರ ಹಿಂದಿನ ಸೀಟಿನಲ್ಲಿದ್ದವರು.

"ವಾಪಸ್ ಬರುವಾಗ ಅವರು ಸೀಟಿನಲ್ಲಿ ಇದ್ರಾ?"

"ಇರಲಿಲ್ಲಮ್ಮಾ. ಚೀಲ ಮಾತ್ರ ಇತ್ತು. ಮುಂದುಗಡೆ ಗಾಳಿ ಬರುತ್ತೆ ಅಂತ ಹೋಗಿ ಕೂತಿರಬೇಕು ಅಂದ್ಕೊಂಡೆ. ಯಾಕೆ ಕೇಳ್ತೀರಾ?"

೯.೦೫. ಅಂಬತ್ತೂರಿನ ಬಸ್ ಶೆಡ್. ಡ್ರೈವರ್ ಸೀತಾರಾಮ ಟಯರಿಗೆ ಗಾಳಿ ಹಿಡಿಸುತ್ತಿದ್ದ.

"ಭಾನುವಾರ ಕೀಲ್ಪಾಕಿನಲ್ಲಿ ಎಷ್ಟು ಜನ ಇಳಿದ್ರು?"

"ಯಾರೂ ಇಳಿಯಲಿಲ್ಲ ಮೇಡಂ. ನಿಲ್ಲಿಸು ಅಂದ್ರು ಕಮಲಾಕರಣ್ಣ, ನಿಲ್ಲಿಸಿದೆ. ಬಾಗಿಲು ತೆಗೆದು ಹಾಕಿದ್ರು, ಹೊರಟ್ವಿ."

"ಆ ಮುದುಕರು ಎಲ್ಲಿ?"

"ಪಾರೈಯೂರಿಂದಲೇ ಅವರ ನೆಂಟರ ಕಾರಲ್ಲಿ ಹೋದ್ರು ಅಂತ ಅಣ್ಣ ಹೇಳಿದ್ರಲ್ಲ. ಟೀ ಅಂಗಡೀಲಿ ಹತ್ತೊಂಬತ್ತು ತಟ್ಟೆ ಬೋಂಡಾ ಬಂತು, ಒಂದು ಉಳೀತು. ಅಣ್ಣ ಅದನ್ನೇ ತುಂಬಾ ಹೊತ್ತು ನೋಡ್ತಾ ನಿಂತಿದ್ರು. ಆಮೇಲೆ, ನೀನು ತಿನ್ನು ಅಂದ್ರು. ನಾನು ತಿಂದೆ ಮೇಡಂ."

ಗುರುಬಸಪ್ಪನವರು ತಿಂದರೆನ್ನಲಾದ ಬೋಂಡಾ ಅದು. ಶ್ರೀವಿದ್ಯಾ ಜೀಪಿನಿಂದಲೇ ಪಾರೈಯೂರು ವ್ಯಾಪ್ತಿಯ ಠಾಣೆಗೆ ವಿಷಯ ತಿಳಿಸಿದಳು, ಆಂಬುಲೆನ್ಸ್ ಕೇಳಿದಳು. ತಿರುಮಲನನ್ನು ಕರೆದುಕೊಂಡು ತಾನೂ ಬೆಟ್ಟದ ಕಡೆ ಹೊರಟಳು.

ಬೆಟ್ಟ ದೊಡ್ಡದೇನಲ್ಲ, ನೂರಾ ಹತ್ತು ಮೆಟ್ಟಿಲು. ಪೂರ್ವಕ್ಕೆ ಗುಹಾಲಯ, ಜನ ಬಂದು ಹೋಗುವ ಕಡೆ. ಪಶ್ಚಿಮಕ್ಕೆ ಒಂದು ಸಮತಟ್ಟಾದ ಬಂಡೆ; ಅದರಿಂದಾಚೆ ಯಾರೂ ಹೋಗುವುದಿಲ್ಲ. ೧೧.೪೦ಕ್ಕೆ ಸ್ಥಳೀಯ ಕಾನ್‌ಸ್ಟೆಬಲ್ ಒಬ್ಬ ಬಂಡೆಯ ಕೆಳಗೆ, ಹತ್ತಡಿ ಆಳದಲ್ಲಿ, ಬಿಳಿ ಬಟ್ಟೆ ಕಂಡನು.

ಊರುಗೋಲಿನ ತುದಿಗೆ ಮೇಲುವಸ್ತ್ರ ಕಟ್ಟಿ, ಕೋಲನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ ನಿಲ್ಲಿಸಿದ್ದರು ಗುರುಬಸಪ್ಪ. ಯಾರಾದರೂ ನೋಡಲಿ ಎಂದು. ಮೇಲಿನ ಬಂಡೆಯಿಂದ ಬಿದ್ದು ಬಲಗಾಲು ಸೊಂಟದ ಹತ್ತಿರ ಮುರಿದು ಒಂದು ಕಡೆಗೆ ತಿರುಗಿತ್ತು. ಅವರು ಬಂಡೆಗೆ ಒರಗಿ ಕೂತ ಹಾಗೇ ಇದ್ದರು. ಆಂಬುಲೆನ್ಸಿನವನು ಕೈ ಹಿಡಿದು ನೋಡಿ, ಕೆಳಗಿಟ್ಟ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಶ್ರೀವಿದ್ಯಾ ಹೆಣ ಕಾಣದವಳೇನಲ್ಲ. ರೈಲಿಗೆ ಸಿಕ್ಕಿದ್ದನ್ನು ನೋಡಿದ್ದಳು, ಬಾವಿಯಿಂದ ತೆಗೆಸಿದ್ದಳು. ಈಗ ಆ ಕೋಲಿನ ಬಟ್ಟೆಯನ್ನು ನೋಡಿ ನಿಂತಲ್ಲೇ ಕೂತುಬಿಟ್ಟಳು. ಪಂಚನಾಮೆಯನ್ನು ತಿರುಮಲನೇ ಬರೆಸಬೇಕಾಯಿತು: ಕೋಲು ಒಂದು, ಕನ್ನಡಕ ಒಂದು, ಎಡಗಾಲಿನ ಚಪ್ಪಲಿ ಒಂದು, ತಾಮ್ರದ ತಂಬಿಗೆ ಒಂದು, ಖಾಲಿ. ವಿಭೂತಿ ಗಟ್ಟಿ ಒಂದು. ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಮುಚ್ಚಿದ್ದು.

ಸಂಜೆ ೪.೪೦ಕ್ಕೆ ಕಮಲಾಕರ ನುಂಗಂಬಾಕ್ಕಂನ ತನ್ನ ಮನೆಯಲ್ಲಿ ಸಿಕ್ಕಿದ. ಓಡಿಹೋಗಿರಲಿಲ್ಲ. ಮೇಜಿನ ಮೇಲೆ ಕಾಗದ ಹರಡಿಕೊಂಡು ಏನೋ ಬರೆಯುತ್ತಿದ್ದ. ಬರುವ ಭಾನುವಾರ ಕನ್ನಡ ಸಂಘದಲ್ಲಿ ಅವನಿಗೆ ಸನ್ಮಾನವಿತ್ತು. ಅದಕ್ಕೆ ಆಡುವ ಮಾತು. ಹುಡುಕಿದಾಗ ಗುರುಬಸಪ್ಪನವರ ಬಟ್ಟೆಯ ಚೀಲ ಮತ್ತು ಫೋನು ದೇವರ ಕೋಣೆಯ ಕಪಾಟಿನಲ್ಲಿ, ಪಂಚಾಂಗದ ಹಿಂದೆ ದೊರೆತವು. ಇಬ್ಬರು ನೆರೆಯವರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು.

"ಅವರನ್ನ ಅಲ್ಲಿ ಕೂರಿಸಿದ್ದು ಯಾರು?"

"ನಾನೇ. ಹೊತ್ತು ಮುಳುಗೋ ಹೊತ್ತಿಗೆ ಬಸ್ಸಲ್ಲಿರ್ತೀವಿ, ಇಲ್ಲೇ ಅರ್ಧ ಗಂಟೆ ಪೂಜೆ ಮಾಡ್ಕೋತೀನಿ, ಸದ್ದಿಲ್ಲದ ಜಾಗ ಬೇಕು ಅಂದ್ರು. ಆ ಕಡೆ ಬಂಡೆ ಮೇಲೆ ಕೂತಿರಿ, ಬಂದು ಕರೀತೀನಿ ಅಂದೆ. ಆಮೇಲೆ ಒಬ್ಬರಿಗೆ ತಲೆಸುತ್ತು ಬಂತು. ಆ ಗಲಾಟೇಲಿ ಮರೆತೆ."

"ನೆನಪಾಗಿದ್ದು?"

"ಟೀ ಅಂಗಡೀಲಿ. ಒಂದು ತಟ್ಟೆ ಉಳೀತಲ್ಲ."

"ಅಲ್ಲಿಂದ ಬೆಟ್ಟ ಎಷ್ಟು ದೂರ?"

"ನಲವತ್ತು ನಿಮಿಷ."

"ಬಸ್ ಯಾಕೆ ತಿರುಗಿಸಲಿಲ್ಲ?"

ಕಮಲಾಕರ ತಲೆ ತಗ್ಗಿಸಿದ. "ಬಸ್ಸಲ್ಲಿ ಹದಿನೆಂಟು ಜನ ಇದ್ರಮ್ಮಾ. ಎಲ್ಲರಿಗೂ ಗೊತ್ತಾಗೋದು."

"ಫೋನ್ ರಿಂಗ್ ಆಗ್ತಿತ್ತು. ಏಳು ಸಲ."

"ಹೂಂ. ಅವರ ಚೀಲದಿಂದ ತೆಗೆದು ಕೈಯಲ್ಲೇ ಹಿಡ್ಕೊಂಡಿದ್ದೆ. ಕೀಲ್ಪಾಕಿನಲ್ಲಿ ಆಫ್ ಮಾಡಿದೆ. ತಿಳಿದವರು, ತಮಿಳು ಬರುತ್ತೆ, ಬಸ್ ಹಿಡಿದು ಬಂದುಬಿಡ್ತಾರೆ ಅಂದ್ಕೊಂಡೆ. ಬಂದ ಮೇಲೆ ಕಾಲು ಹಿಡಿದು ಕೇಳ್ಕೊಂಡ್ರಾಯ್ತು ಅಂತ."

"ಸೋಮವಾರ ಹತ್ತು ಗಂಟೆಗೆ ನಾನು ಎದುರಿಗೆ ಕೂತು ಕೇಳಿದೆ. ಆಗಲಾದರೂ?"

"ಅವರ ಸೊಸೆಗೆ ಇಳಿದ್ರು ಅಂತ ಹೇಳಿಬಿಟ್ಟಿದ್ದೆ. ಒಂದು ಸಲ ಹೇಳಿದ ಮೇಲೆ ಇಲ್ಲ ಅನ್ನೋದು ಹೇಗಮ್ಮಾ?"

ಬಯ್ಯಲು ಬಾಯಿ ತೆರೆದ ಶ್ರೀವಿದ್ಯಾ, ತನ್ನ ಕೈಬರಹದಲ್ಲಿದ್ದ ಬೋಂಡಾ ನೆನಪಾಗಿ ಮುಖ ಆಚೆ ತಿರುಗಿಸಿದಳು. ಗೋಡೆಯ ಪಕ್ಕದಲ್ಲಿ ಯಾತ್ರೆಯ ಕರಪತ್ರಗಳ ಕಟ್ಟಿತ್ತು. ಪ್ರತಿಯೊಂದರ ಮೇಲೂ ಕೆಂಪು ಅಕ್ಷರದಲ್ಲಿ ಒಂದು ಸಾಲು: 'ಇಪ್ಪತ್ತೆರಡು ವರ್ಷ. ಒಬ್ಬರನ್ನೂ ಬಿಟ್ಟು ಬಂದಿಲ್ಲ.' ಅವನಿಗೆ ದುಡ್ಡಿನ ಆಸೆಯಿರಲಿಲ್ಲ, ಗುರುಬಸಪ್ಪನವರ ಮೇಲೆ ಹಗೆಯೂ ಇರಲಿಲ್ಲ. ಆ ಒಂದು ಸಾಲು ಉಳಿಯಬೇಕಿತ್ತು, ಅಷ್ಟೇ. ಅದಕ್ಕಾಗಿ ಒಬ್ಬ ಮನುಷ್ಯನನ್ನು ಬೆಟ್ಟದ ಮೇಲೆ ಬಿಟ್ಟ.

೫.೩೦ಕ್ಕೆ ದಸ್ತಗಿರಿ. ಕಾಣೆಯಾದ ಪ್ರಕರಣವನ್ನು ಕೊಲೆಯಲ್ಲದ ನರಹತ್ಯೆ ಮತ್ತು ಸಾಕ್ಷ್ಯ ಮರೆಮಾಚಿದ ಕಲಮುಗಳಿಗೆ ಬದಲಾಯಿಸಲಾಯಿತು. ಜೀಪು ಹತ್ತುವ ಮುನ್ನ ಅವನು ವಕೀಲರನ್ನು ಕೇಳಲಿಲ್ಲ. "ನಿಮ್ಮ ತಾಯಿಗೆ ಮಾತ್ರ ಹೇಳಬೇಡಿಮ್ಮಾ," ಎಂದ.

ಬುಧವಾರ ಮಧ್ಯಾಹ್ನ ಶವಪರೀಕ್ಷೆಯ ವರದಿ ಬಂತು. ಸೊಂಟದ ಮೂಳೆ ಮುರಿತ, ನೀರಿಲ್ಲದೆ ಮೈ ಬತ್ತಿದ್ದು, ಸಕ್ಕರೆಯ ಏರುಪೇರು. ಸಾವಿನ ಅಂದಾಜು ಸಮಯವನ್ನು ಶ್ರೀವಿದ್ಯಾ ಎರಡು ಸಲ ಓದಿದಳು.

ಸಂಗೀತಾ ಶವಾಗಾರದ ಹೊರಗೆ ಗಂಡನ ಜೊತೆ ನಿಂತಿದ್ದಳು. ಊರಿಂದ ನೆಂಟರು ಬಂದಿದ್ದರು. ಕೂರಿಸಿ ಮಣ್ಣು ಮಾಡಲು ಜಾಗ ಗೊತ್ತಾಗಿತ್ತು. ಅವಳು ಇನ್‌ಸ್ಪೆಕ್ಟರನ್ನು ಕಂಡು ಹತ್ತಿರ ಬಂದಳು.

"ಮಾವಾರು ಯಾವಾಗ ಹೋದ್ರಂತ್ರಿ? ಬಿದ್ದ ಕೂಡಲೇ ಹೋದ್ರೇನು?"

ಹೌದು ಎನ್ನಬಹುದಿತ್ತು. ಭಾನುವಾರ ರಾತ್ರಿಯೇ ಹೋದರು, ನೋವು ತಿಳಿಯಲಿಲ್ಲ ಎಂದರೆ ಆ ಹೆಣ್ಣಿಗೆ ಸಮಾಧಾನವಾಗುತ್ತಿತ್ತು, ತನಗೂ ಆಗುತ್ತಿತ್ತು. ಆದರೆ ಸಮಾಧಾನದ ಸುಳ್ಳುಗಳು ಈ ಪ್ರಕರಣದಲ್ಲಿ ಸಾಕಷ್ಟಾಗಿದ್ದವು.

"ಇಲ್ಲ," ಎಂದಳು ಶ್ರೀವಿದ್ಯಾ. "ಸೋಮವಾರ ಮಧ್ಯಾಹ್ನ. ಎರಡರಿಂದ ನಾಲ್ಕರ ಒಳಗೆ."

ಸಂಗೀತಾ ಬೆರಳ ಮೇಲೆ ಹೊತ್ತು ಎಣಿಸಿದಳು.

"ಆವಾಗ ನಾನು ನಿಮ್ಮ ಠಾಣೆದಾಗ ಕುಂತಿದ್ನಲ್ರಿ," ಎಂದಳು.