ಅಡಿಕೆಯೊಳಗಿನ ವಿಟಮಿನ್

"ಥೂ! ಒಗರು ಕಣಕ್ಕ!"

"ಉಗೀಬ್ಯಾಡ ಕಣೋ, ನುಂಗು! ನಿಂಗೆ ಕಣ್ಣು ಕಾಣ್ಬೇಕೋ ಬ್ಯಾಡ್ವೋ?"

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಹಿಂದೆ, ಐದನೇ ಕ್ಲಾಸಿನ ರಮ್ಯಶ್ರೀ ತನ್ನ ತಮ್ಮ ಚಂದುವಿನ ಬಾಯಿಗೆ ಇನ್ನೊಂದು ಅಡಿಕೆ ಚೂರು ತುರುಕಿದಳು. ಅಜ್ಜಿಯ ಎಲೆಯಡಿಕೆ ಚೀಲದಿಂದ ಕದ್ದು ತಂದದ್ದು.

ಈಚೆಗೆ ಹೊತ್ತು ಮುಳುಗಿದರೆ ಸಾಕು, ಚಂದುವಿಗೆ ಏನೂ ಕಾಣುತ್ತಿರಲಿಲ್ಲ. ಮೊನ್ನೆ ಆಟದಲ್ಲಿ ಓಡಿಹೋಗಿ ಕಟ್ಟಿ ಹಾಕಿದ್ದ ಎಮ್ಮೆಗೇ ಡಿಕ್ಕಿ ಹೊಡೆದಿದ್ದ.

"ಎಮ್ಮೇನ ಔಟ್ ಮಾಡ್ಬುಟ್ಟ ಕಣ್ರಲಾ!" ಎಂದು ಪಕ್ಕದ ಮನೆಯ ಧರ್ಮೇಂದ್ರ ಕೂಗಿದಾಗ ಹುಡುಗರೆಲ್ಲ ನಕ್ಕಿದ್ದರು. ಚಂದುವೂ ನಕ್ಕಿದ್ದ. ಆಮೇಲೆ ಅಕ್ಕನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದ. "ಮನೇಲಿ ಹೇಳ್ಬ್ಯಾಡ ಕಣಕ್ಕ, ಇಂಜೆಕ್ಷನ್ ಚುಚ್ಚಿಸ್ತಾರೆ."

ಹೇಳುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಅಷ್ಟರಲ್ಲಿ ಇವತ್ತು ಕ್ಲಾಸಿನಲ್ಲಿ ಗುರುಸ್ವಾಮಿ ಮೇಷ್ಟ್ರು, "ವಿಟಮಿನ್ ಎ ಕಮ್ಮಿಯಾದ್ರೆ ಸಂಜೆ ಕಣ್ಣು ಕಾಣಲ್ಲ" ಎಂದುಬಿಟ್ಟರು. ರಮ್ಯಶ್ರೀಗೆ ಎಮ್ಮೆಗೆ ಡಿಕ್ಕಿ ಹೊಡೆದ ಚಂದುವೇ ಕಣ್ಣ ಮುಂದೆ ಬಂದ. ಮುಂದಿನದು ಅರ್ಧ ಕೇಳಿಸಿತು, ಅರ್ಧ ಇಲ್ಲ. "ಎ, ಡಿ, ಇ, ಕೆ... ಕೊಬ್ಬಿನಲ್ಲಿ ಕರಗುತ್ತವೆ... ಅಡಿಕೆ! ಅಡಿಕೆ ಅಂತ ಜ್ಞಾಪಕ ಇಟ್ಕೊಳ್ರೋ!"

ಅಡಿಕೆಯೇ? ಹೌದಲ್ಲ! ದಿನವೆಲ್ಲ ಅಡಿಕೆ ಅಗಿಯುವ ಅಜ್ಜಿ ಮಬ್ಬುಗತ್ತಲಲ್ಲೂ ಕೋಳಿ ಹಿಡಿದು ಮಂಕರಿಯಡಿ ಮುಚ್ಚುತ್ತಾರೆ.

"ಅಕ್ಕಾ... ತಲೆ ಗಿರ್ ಅಂತದೆ..."

ಚಂದು ಬೆವರಿ ಅಲ್ಲೇ ಕುಸಿದು ಕೂತ. ರಮ್ಯಶ್ರೀ ಕಿರುಚಿದಳು.

ಅಜ್ಜಿ ರುಕ್ಮಿಣಮ್ಮ ಓಡಿ ಬಂದು, ಮೊಮ್ಮಗನ ಬಾಯಿಗೆ ಬೆರಳು ಹಾಕಿ ಚೂರು ತೆಗೆದು ನೀರು ಕುಡಿಸಿದರು.

"ಎಳೆ ಮಗೀಗೆ ಅಡಿಕೆ ತಿನ್ನಿಸ್ತೀಯಲ್ಲೇ! ಎಷ್ಟು ಕೊಬ್ಬು ನಿಂಗೆ?"

"ಕೊಬ್ಬಲ್ಲೇ ಕರಗೋದಂತೆ ಅಜ್ಜಿ!"

"ಎದುರುತ್ತರ ಬ್ಯಾರೆ!"

ಬೆನ್ನಿಗೊಂದು ಬಿತ್ತು. ಮೇಷ್ಟ್ರು ಹೇಳಿದ್ದನ್ನೇ ಹೇಳಿದರೆ ಏಟು ಯಾಕೆ? ಅವಳಿಗೆ ಒಂದೂ ತಿಳಿಯಲಿಲ್ಲ. ಚಂದು 'ಹೇಳಬೇಡ, ಹೇಳಬೇಡ' ಎಂದು ತಲೆಯಾಡಿಸುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

"ಅವನ್ಗೆ ಸಂಜೆ ಒತ್ತು ಕಣ್ಣು ಕಾಣಲ್ಲ ಅಜ್ಜಿ."

ಎತ್ತಿದ ಕೈ ಅಲ್ಲೇ ನಿಂತಿತು.

ಮರುದಿನ ರಾವಂದೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿದರು. ಇಂಜೆಕ್ಷನ್ ಇಲ್ಲ. ನರ್ಸ್ ಪ್ರಮೀಳಾ ಎಣ್ಣೆಯಂಥ ಔಷಧಿಯನ್ನು ಚಮಚದಲ್ಲಿ ಕುಡಿಸಿದರು. ಅಡಿಕೆಯ ಕತೆ ಕೇಳಿ ನಕ್ಕರು.

"ಎ, ಡಿ, ಇ, ಕೆ ಬೇಗ ಬೇಗ ಅನ್ನು. ಅಡಿಕೆ ಅಂದಂಗೆ ಕೇಳಲ್ವಾ? ಅದು ನೆನಪಿಗೆ ಕಣಮ್ಮಾ, ತಿನ್ನಕ್ಕಲ್ಲ."

"ಮತ್ತೆ ಕೊಬ್ಬು?"

"ಎಣ್ಣೆ, ತುಪ್ಪ! ಅಜ್ಜಿ, ಇವನಿಗೆ ನುಗ್ಗೆಸೊಪ್ಪು, ಪರಂಗಿಹಣ್ಣು ಕೊಡಿ. ಸೊಪ್ಪಿಗೆ ಎಣ್ಣೆ ಒಗ್ಗರಣೆ ಬೀಳ್ಲಿ, ಇಲ್ದಿದ್ರೆ ಅದರ ಸತ್ವ ಮೈಗೆ ಹತ್ತಲ್ಲ. ಔಷಧಿ ಮಾತ್ರ ನಾವು ಹೇಳ್ದಷ್ಟೇ. ಕಣ್ಣಿಗೆ ಸ್ವಲ್ಪ ದಿನ ಟೈಮ್ ಬೇಕು."

ಆಣೆ ಮುರಿದ ಅಕ್ಕನ ಜೊತೆ ಚಂದು ಬಸ್ಸಿನಲ್ಲೂ ಮಾತಾಡಲಿಲ್ಲ, ಮನೆಯಲ್ಲೂ ಇಲ್ಲ. ಸಂಜೆಯಾದಾಗ ಗೋಡೆ ಸವರಿಕೊಂಡು ಒಬ್ಬನೇ ಹಿತ್ತಿಲಿಗೆ ಹೊರಟ.

ರಮ್ಯಶ್ರೀ ಕಣ್ಣು ಮುಚ್ಚಿಕೊಂಡು ಹಿಂದೆಯೇ ನಡೆದಳು. ಗೋಡೆ ಮುಗಿಯಿತು. ಕಾಲಿಡಲು ಹೆದರಿಕೆಯಾಯಿತು. ಇಟ್ಟಳು. ಹೆಬ್ಬೆರಳು ಕಲ್ಲಿಗೆ ಬಡಿಯಿತು.

"ಅಮ್ಮಾ!"

"ಅಲ್ಲಿ ಒರಳುಕಲ್ಲು ಅದೆ ಕಣಕ್ಕ," ಮುಂದುಗಡೆಯಿಂದ ಚಂದುವಿನ ದನಿ. "ಎಡಕ್ಕೆ ಬಾ. ಆಮೇಲೆ ಒಂದು ಗುಂಡಿ ಅದೆ, ದಾಟ್ಕೋ."

ಎಲ್ಲವನ್ನೂ ಅವನು ಕಾಲಲ್ಲೇ ಕಲಿತಿದ್ದ. ಎಷ್ಟು ಸಲ ಎಡವಿ ಕಲಿತನೋ, ಒಂದು ದಿನವೂ ಅತ್ತಿರಲಿಲ್ಲ.

ರಮ್ಯಶ್ರೀ ಕಣ್ಣು ತೆರೆಯದೆಯೇ ಅವನ ಕಡೆಗೆ ಕೈ ಚಾಚಿದಳು.